ತಾಳಗುಂದದಿಂದ ಕೋನಪ್ಪನ ಅಗ್ರಹಾರಕ್ಕೆ

ಓದಲಿಕ್ಕೆಂದು ಊರು ಬಿಟ್ಟ ಹುಡುಗರ ಲೆಕ್ಕವನ್ನು ಶಿಕಾರಿಪುರ ಸೀಮೆಯಲ್ಲಿ ಹಿಡಿಯುವುದಾದರೆ ಮಯೂರಶರ್ಮನಿಂದಲೇ ಹಿಡಿಯಬೇಕು. ನಾಲ್ಕನೆಯ ಶತಮಾನದಲ್ಲಿ ಆತ ಗುರು ವೀರಶರ್ಮನ ಜೊತೆ ಪಲ್ಲವರ ಕಂಚಿಗೆ ಹೊರಟ. ಅಲ್ಲಿನ ಘಟಿಕೆ ಎಂಬ ವಿದ್ಯಾಲಯಕ್ಕೆ ಸೇರಿ ವೇದವಿದ್ಯೆಯನ್ನು ಪೂರ್ತಿ ಮಾಡಿಕೊಳ್ಳುವುದು ಉದ್ದೇಶವಾಗಿತ್ತು. ಆದದ್ದೇ ಬೇರೆ. ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು, ಅವಮಾನ ತಡೆಯಲಾಗಲಿಲ್ಲ, ಓದು ಅಲ್ಲಿಗೇ ನಿಂತಿತು. ಕತ್ತಿ ಹಿಡಿದವನು ಕದಂಬ ರಾಜ್ಯವನ್ನೇ ಕಟ್ಟಿಕೊಂಡು ಬಂದ. ಈ ಕಥೆಯನ್ನು ಐದನೆಯ ಶತಮಾನದಲ್ಲಿ ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಬರೆದಿದ್ದಾನೆ. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಅದು ಈಗಲೂ ಇದೆ.

ಕಾಲೇಜು ಅರ್ಧಕ್ಕೆ ಬಿಟ್ಟು ದೊಡ್ಡವರಾದವರ ಕಥೆಗಳನ್ನು ಸಾಫ್ಟ್‌ವೇರ್ ಲೋಕ ಬಹಳ ಮೆಚ್ಚುತ್ತದೆ. ಹಾಗೆ ನೋಡಿದರೆ ಬಿಲ್ ಗೇಟ್ಸ್‌ಗಿಂತ ಸಾವಿರದ ಆರುನೂರು ವರ್ಷ ಮುಂಚೆಯೇ ನಮ್ಮವನೊಬ್ಬ ಆ ಕೆಲಸ ಮಾಡಿ ಮುಗಿಸಿದ್ದ. ತಮಾಷೆ ಬದಿಗಿಟ್ಟು ಕೇಳಬೇಕಾದ ಪ್ರಶ್ನೆ ಬೇರೆಯದು. ಮಯೂರಶರ್ಮ ಕಂಚಿಗೆ ಯಾಕೆ ಹೋಗಬೇಕಾಯಿತು? ಆ ಮಟ್ಟದ ಓದಿಗೆ ಬೇಕಾದ ಏರ್ಪಾಟು ಆಗ ಅವನ ಊರಿನಲ್ಲಿ ಇರಲಿಲ್ಲ. ಮುಂದೆ ಎಂಟುನೂರು ವರ್ಷಗಳಲ್ಲಿ ಅದು ಬಂತು. ಆಮೇಲೆ ಹೋಯಿತು. ಇವತ್ತು ಶಿಕಾರಿಪುರದ, ಸೊರಬದ ಮಕ್ಕಳು ಸಿ, ಜಾವಾ, ಪೈಥಾನ್ ಎಂದು ಕಲಿತು ಬೆಂಗಳೂರಿನ ದಾರಿ ಹಿಡಿಯುವುದರ ಹಿಂದೆಯೂ ಇದೇ ಏರ್ಪಾಟಿನ ಚರಿತ್ರೆ ಇದೆ. ಮಕ್ಕಳ ಜಾಣತನದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅವರ ಊಟದ ಖರ್ಚು ಯಾರು ಕೊಟ್ಟರು ಎಂಬುದನ್ನು ಶಾಸನಗಳು ಮಾತ್ರ ಬರೆದಿಟ್ಟಿವೆ.

ಹನ್ನೆರಡನೆಯ ಶತಮಾನದ ಹೊತ್ತಿಗೆ ತಾಳಗುಂದ, ಅಂದರೆ ಶಾಸನಗಳ ಸ್ಥಾನಗುಂದೂರು, ಹೆಸರಾಂತ ಅಗ್ರಹಾರವಾಗಿತ್ತು. ಆ ಕಾಲದ ದತ್ತಿ ಶಾಸನವೊಂದರಲ್ಲಿ ವೇದ ಹೇಳಿಕೊಡುವವರಿಗೆ, ಶಾಸ್ತ್ರ ಹೇಳಿಕೊಡುವವರಿಗೆ ಭೂಮಿ ಬಿಟ್ಟ ವಿವರವಿದೆ. ಅದರ ಜೊತೆಗೆ ಕನ್ನಡ ಕಲಿಸುವವರಿಗೂ ಪಾಲಿದೆ. ವಿದ್ಯಾರ್ಥಿಗಳ ಊಟಕ್ಕಿದೆ, ಆ ಊಟ ಬೇಯಿಸುವ ಅಡುಗೆಯವರಿಗೂ ಇದೆ. ದಾನ ಕೊಟ್ಟವನು ವಿದ್ಯೆಯನ್ನು ಹೊಗಳಿ ಸುಮ್ಮನಾಗಿಲ್ಲ. ಗದ್ದೆ ಅಳೆದು ಯಾವುದು ಯಾರಿಗೆ ಎಂದು ಹಂಚಿದ್ದಾನೆ. ಕನ್ನಡದ ಮೇಷ್ಟ್ರಿಗೆ ಸಂಬಳ ಗೊತ್ತು ಮಾಡಿದ ಹಳೆಯ ದಾಖಲೆಗಳಲ್ಲಿ ಇದೊಂದು.

ಪಕ್ಕದ ಬಳ್ಳಿಗಾವಿಯದು ಇನ್ನೂ ದೊಡ್ಡ ಸಂಸಾರ. ಬನವಾಸಿ ನಾಡಿನ ರಾಜಧಾನಿಯಾಗಿದ್ದ ಈ ಊರಿನಲ್ಲಿ ಶೈವ ಮಠಗಳು, ಜೈನ ಬಸದಿಗಳು, ಬೌದ್ಧ ವಿಹಾರ ಎಲ್ಲ ಒಟ್ಟಿಗೆ ಇದ್ದವು. ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಯ ಮಠದ ಬಗ್ಗೆ ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಉದ್ದನೆಯ ಪಟ್ಟಿಯನ್ನೇ ಕೊಡುತ್ತದೆ. ನಾಲ್ಕು ವೇದಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳಿಗೆ ವ್ಯಾಖ್ಯಾನ ನಡೆಯುತ್ತಿತ್ತು. ದರ್ಶನಗಳು, ಪುರಾಣಗಳು, ಕಾವ್ಯ ನಾಟಕಗಳು ಸರಿಯೇ ಸರಿ. ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ದೀನರಿಗೆ, ಕುಂಟರಿಗೆ, ಕುರುಡರಿಗೆ, ಹಾಡುವವರಿಗೆ, ಬಾರಿಸುವವರಿಗೆ ಅನ್ನ ಸಿಗುವ ಜಾಗವೂ ಅದೇ. ರೋಗಿಗಳಿಗೆ ಔಷಧ ಸಿಗುವ ಜಾಗವೂ ಅದೇ. ಬಿ.ಎಲ್. ರೈಸ್ ಈ ಶಾಸನವನ್ನು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ 1902ರಲ್ಲಿ ಅಚ್ಚು ಹಾಕಿಸಿದರು. ಎರಡು ವರ್ಷದ ನಂತರ ಬಂದ ಎಂಟನೆಯ ಸಂಪುಟದಲ್ಲಿ ಸೊರಬದ ಶಾಸನಗಳಿವೆ. ಅಲ್ಲಿ ಕುಪ್ಪಟೂರು, ಅಂದರೆ ಈಗಿನ ಕುಬಟೂರು, ಇನ್ನೊಂದು ವಿದ್ಯಾ ಅಗ್ರಹಾರವಾಗಿ ಕಾಣಿಸಿಕೊಳ್ಳುತ್ತದೆ.

ಕೋಡಿಯ ಮಠದ ಪಟ್ಟಿಯಲ್ಲಿ ವೇದ ಆದ ತಕ್ಷಣ ಬರುವುದು ವ್ಯಾಕರಣ, ಅದೂ ಒಂದಲ್ಲ, ಹಲವು. ಇದನ್ನು ಗಮನಿಸಿದರೆ ಸಾಫ್ಟ್‌ವೇರ್ ಕಲಿತವರಿಗೆ ಕುತೂಹಲ ಹುಟ್ಟಬೇಕು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು 4000 ಸೂತ್ರಗಳಿವೆ. ಆರಂಭದ 14 ಶಿವಸೂತ್ರಗಳಲ್ಲಿ ಅಕ್ಷರಗಳನ್ನು ಬೇಕೆಂದೇ ಒಂದು ಕ್ರಮದಲ್ಲಿ ಜೋಡಿಸಿ, ಎರಡು ಅಕ್ಷರದ ಸಂಕೇತದಿಂದ ಒಂದಿಡೀ ಗುಂಪನ್ನು ಕರೆಯುವ ಹಾಗೆ ಮಾಡಲಾಗಿದೆ. ಮುಂದೆ ಬರುವ ನಿಯಮಗಳು ಆ ಸಂಕೇತಗಳ ಮೇಲೆ ಓಡುತ್ತವೆ: ಇಂಥದ್ದರ ಮುಂದೆ ಇಂಥದ್ದು ಬಂದರೆ ಅದರ ಜಾಗಕ್ಕೆ ಇದು ಬರಲಿ. ಕನ್ನಡ ಶಾಲೆಯ ಮಕ್ಕಳಿಗೂ ಇದು ಹೊಸದಲ್ಲ. ಮಳೆಗೆ ಕಾಲ ಸೇರಿದರೆ ಮಳೆಗಾಲ, ಕ ಹೋಗಿ ಗ ಬಂತು, ಆದೇಶ ಸಂಧಿ. ಹೈಸ್ಕೂಲಿನಲ್ಲಿ ಇದನ್ನು ಉರು ಹೊಡೆದ ಹುಡುಗಿಗೆ ಮುಂದೆ ಪ್ರೋಗ್ರಾಮಿನಲ್ಲಿ ಒಂದು ಅಕ್ಷರವನ್ನು ಹುಡುಕಿ ಇನ್ನೊಂದನ್ನು ಹಾಕುವ ಲೆಕ್ಕ ಬಂದಾಗ ಯಾರೂ ಹೇಳಿಕೊಡಬೇಕಾಗಿಲ್ಲ.

1959ರಲ್ಲಿ ಜಾನ್ ಬ್ಯಾಕಸ್ ಪ್ರೋಗ್ರಾಮಿಂಗ್ ಭಾಷೆಯೊಂದರ ವ್ಯಾಕರಣವನ್ನು ಬರೆಯಲು ಒಂದು ಸಂಕೇತ ಪದ್ಧತಿ ಮಾಡಿದರು. ಮರುವರ್ಷ ಆಲ್ಗಾಲ್ 60ರ ವರದಿಯಲ್ಲಿ ಪೀಟರ್ ನೌರ್ ಅದನ್ನು ತಿದ್ದಿ ಬಳಸಿದರು. ಅದಕ್ಕೆ ಬ್ಯಾಕಸ್–ನೌರ್ ರೂಪ ಎಂಬ ಹೆಸರು ಬಂತು. 1967ರಲ್ಲಿ ಪೀಟರ್ ಇಂಗರ್ಮನ್ ಎಂಬುವರು ಅಮೆರಿಕದ ಕಂಪ್ಯೂಟರ್ ವಿಜ್ಞಾನಿಗಳ ಪತ್ರಿಕೆಗೆ ಕಾಗದ ಬರೆದು, ಇಂಥ ಪದ್ಧತಿಯನ್ನು ಪಾಣಿನಿ ಎಷ್ಟೋ ಶತಮಾನಗಳ ಹಿಂದೆಯೇ ಬಳಸಿದ್ದ, ಹಾಗಾಗಿ ಇದನ್ನು ಪಾಣಿನಿ–ಬ್ಯಾಕಸ್ ರೂಪ ಎಂದು ಕರೆಯೋಣ ಎಂದರು. ಹೆಸರು ನಿಲ್ಲಲಿಲ್ಲ.

ಇಲ್ಲಿಂದ ಮುಂದೆ ಹೆಜ್ಜೆ ಎಣಿಸಿ ಇಡಬೇಕು. 1985ರಲ್ಲಿ ನಾಸಾದ ರಿಕ್ ಬ್ರಿಗ್ಸ್ ಸಂಸ್ಕೃತದ ಶಾಬ್ದಬೋಧ ಪದ್ಧತಿಗೂ ಕೃತಕ ಬುದ್ಧಿಮತ್ತೆಗೂ ಇರುವ ಹೋಲಿಕೆ ಕುರಿತು ಒಂದು ಲೇಖನ ಬರೆದರು. ಅದು ಬಾಯಿಂದ ಬಾಯಿಗೆ ದಾಟುತ್ತ, ಕಂಪ್ಯೂಟರಿಗೆ ಅತ್ಯುತ್ತಮ ಭಾಷೆ ಸಂಸ್ಕೃತ ಎಂದು ನಾಸಾ ಒಪ್ಪಿಕೊಂಡಿದೆ ಎಂಬ ಭಾಷಣದ ಮಾತಾಯಿತು. ಲೇಖನದಲ್ಲಿ ಅಂಥ ತೀರ್ಪು ಇಲ್ಲ. ಬಳ್ಳಿಗಾವಿಯ ಪಂಡಿತರು ಪ್ರೋಗ್ರಾಂ ಬರೆಯುತ್ತಿರಲಿಲ್ಲ, ಈಗ ಪ್ರೋಗ್ರಾಂ ಬರೆಯುವವರು ಬಳ್ಳಿಗಾವಿಯ ಶಿಷ್ಯರೂ ಅಲ್ಲ. ನಡುವೆ ಹಗ್ಗ ಹಾಕಿ ಎಳೆದರೆ ಎರಡೂ ಕಡೆಯವರಿಗೆ ಅನ್ಯಾಯ. ಒಂದು ಮಾತನ್ನಷ್ಟೇ ಧೈರ್ಯವಾಗಿ ಹೇಳಬಹುದು: ಮಾತೃಭಾಷೆಯಲ್ಲದ, ನಿಯಮಗಳಿಂದಲೇ ಕಟ್ಟಿದ ಭಾಷೆಯೊಂದನ್ನು ವರ್ಷಗಟ್ಟಲೆ ಕಲಿತು ಅದರಿಂದ ಅನ್ನ ಸಂಪಾದಿಸುವ ಪದ್ಧತಿ ಈ ಎರಡು ತಾಲ್ಲೂಕುಗಳಿಗೆ ಹೊಸದಲ್ಲ.

ಹಾಗಂತ ಎಲ್ಲರೂ ಪಾಣಿನಿ ಓದುತ್ತಿರಲಿಲ್ಲ. ಊರಿನ ವ್ಯವಹಾರ ನಡೆಯುತ್ತಿದ್ದದ್ದು ಸೇನಬೋವನ ಕೈಯಿಂದ. ಬನವಾಸಿ ನಾಡಿನ ಶಾಸನಗಳ ಕೊನೆಯಲ್ಲಿ ಬರೆದವನು ಇಂಥ ಸೇನಬೋವ, ಕಡೆದವನು ಇಂಥ ರೂವಾರಿ ಎಂಬ ಸಾಲುಗಳು ಬರುತ್ತವೆ. ಆ ಸೇನಬೋವನೇ ಮುಂದೆ ಶಾನುಭೋಗನಾದ. ಯಾರ ಹೊಲ ಎಷ್ಟು, ಯಾವ ಬೆಳೆ, ಎಷ್ಟು ಕಂದಾಯ ಎಂಬ ಲೆಕ್ಕವೆಲ್ಲ ಅವನ ಕಡತದಲ್ಲಿ. ಆ ಲೆಕ್ಕದ ಭಾಷೆ ರೈತನಿಗೆ ಅರ್ಥವಾಗುತ್ತಿರಲಿಲ್ಲ, ಆಗಬೇಕೆಂದು ಶಾನುಭೋಗನಿಗೂ ಅನಿಸುತ್ತಿರಲಿಲ್ಲ. ಕೆಲಸ ತಂದೆಯಿಂದ ಮಗನಿಗೆ ಹೋಗುತ್ತಿತ್ತು.

ಆ ಕಡತಗಳ ಬೆಲೆ ಎಷ್ಟೆಂದು ಶಿಕಾರಿಪುರ ತಾಲ್ಲೂಕಿನ ಈಸೂರಿನವರಿಗೆ ಚೆನ್ನಾಗಿ ಗೊತ್ತಿತ್ತು. 1942ರ ಸೆಪ್ಟೆಂಬರಿನಲ್ಲಿ ಊರಿನವರು ತಮ್ಮದೇ ಸರ್ಕಾರ ಎಂದು ಸಾರಿ, ಇನ್ನೂ ಮೀಸೆ ಮೂಡದ ಹುಡುಗನೊಬ್ಬನನ್ನು ಅಮಲ್ದಾರನನ್ನಾಗಿ ಮಾಡಿದರು. ಕಂದಾಯಕ್ಕೆ ಬಂದವರ ಕೈಯಿಂದ ಮೊದಲು ಕಿತ್ತುಕೊಂಡದ್ದು ಲೆಕ್ಕದ ಪುಸ್ತಕಗಳನ್ನು. ಆಮೇಲಿನ ಘರ್ಷಣೆಯಲ್ಲಿ ಮೈಸೂರು ಸರ್ಕಾರದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಸ್ವಾತಂತ್ರ್ಯ ಹೋರಾಟದ ಈ ಪುಟವನ್ನು ಎಲ್ಲರೂ ನೆನೆಯುತ್ತಾರೆ. ಲೆಕ್ಕದ ಪುಸ್ತಕದ ವಿವರವನ್ನು ಮಾತ್ರ ಓದಿ ದಾಟಿಬಿಡುತ್ತಾರೆ.

ವಂಶಪಾರಂಪರ್ಯದ ಶಾನುಭೋಗಿಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಹೋಯಿತು. ಕಾಯ್ದೆ ಜಾರಿಗೆ ಬಂದದ್ದು 1963ರಲ್ಲಿ. ಗ್ರಾಮಲೆಕ್ಕಿಗರು ಬಂದರು, ಕಡತಗಳು ಹಾಗೇ ಉಳಿದವು. ಅವು ನಿಜವಾಗಿ ಕೈ ಬದಲಾಯಿಸಿದ್ದು 2001ರ ಹೊತ್ತಿಗೆ ಭೂಮಿ ಯೋಜನೆಯಲ್ಲಿ. ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಬೆನ್ನು ಹತ್ತಿದವರು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರದ ಎಂಜಿನಿಯರುಗಳು. ಹೊಸದಾಗಿ ನೇಮಕವಾದ ಯುವ ಗ್ರಾಮಲೆಕ್ಕಿಗರಿಗೆ ತರಬೇತಿ ಕೊಟ್ಟು ಕಂಪ್ಯೂಟರ್ ಮುಂದೆ ಕೂರಿಸಿದರು. ಖಾತೆ ಬದಲಾವಣೆ ಮಾಡುವವನು ಬೆರಳಚ್ಚು ಕೊಡಲೇಬೇಕಿತ್ತು, ಆಮೇಲೆ ನಾನಲ್ಲ ಎನ್ನುವ ಹಾಗಿರಲಿಲ್ಲ. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಶಿಕಾರಿಪುರ, ಸೊರಬದ ತಾಲ್ಲೂಕು ಕಚೇರಿಗಳ ಆ ಕಿಟಕಿಯ ಮುಂದೆ ಸಾಲು ನಿಂತ ಎಷ್ಟೋ ರೈತರು ಕಂಪ್ಯೂಟರ್ ಎಂಬುದನ್ನು ಹತ್ತಿರದಿಂದ ಕಂಡದ್ದು ಅಲ್ಲೇ. ಗೇಣಿದಾರರ ಹೋರಾಟಗಳು ನಡೆದ ನಾಡಿನಲ್ಲಿ ಪಹಣಿಯಲ್ಲಿ ಹೆಸರಿರುವುದು ಎಂದರೆ ಸಣ್ಣ ಮಾತಲ್ಲ. ತಂತ್ರಾಂಶ ಬರೆಯುವುದು ಒಂದು ಅಧಿಕಾರ ಎಂಬುದನ್ನು ಮಲೆನಾಡು ಯಾವ ಕಾಲೇಜಿಗಿಂತ ಮೊದಲು ಆ ಸಾಲಿನಲ್ಲಿ ಕಲಿತಿರಬೇಕು.

ಸೊರಬಕ್ಕೆ ಇನ್ನೊಂದು ಕಸುಬಿನ ಹೆಸರಿದೆ. ಗುಡಿಗಾರರು. ಗಂಧದ ಕೆತ್ತನೆಯಲ್ಲಿ, ಬೆಂಡಿನ ಬಾಸಿಂಗದಲ್ಲಿ ಅವರ ಕೈಗೆ ಸಾಟಿಯಿಲ್ಲ. ಆದರೆ ಆ ವಿದ್ಯೆಯ ಬಾಗಿಲು ಮನೆಯೊಳಗೇ. ಉಳಿ ಹಿಡಿಯುವುದನ್ನು ಮಗ ಅಪ್ಪನ ಪಕ್ಕ ಕೂತು ಕಲಿಯುತ್ತಾನೆ. ಶಾನುಭೋಗಿಕೆಯೂ ಹಾಗೇ ಇತ್ತು, ಅಗ್ರಹಾರದ ವೇದವಿದ್ಯೆಯಂತೂ ಜಾತಿಯ ಬೇಲಿಯೊಳಗೆ. ಈ ನೆಲದಲ್ಲಿ ಯಾರ ಅಪ್ಪನೂ ಮಾಡದಿದ್ದ ಕೆಲಸ ಎಂದರೆ ಸಾಫ್ಟ್‌ವೇರ್. ಅಡಿಕೆ ತೋಟದವನ ಮಗಳಿಗೂ, ಭತ್ತದ ಗದ್ದೆಯವನ ಮಗನಿಗೂ, ಮೇಷ್ಟ್ರ ಮಗನಿಗೂ ಅದು ಸಮಾನವಾಗಿ ಅಪರಿಚಿತ. ಅಪರಿಚಿತವಾಗಿದ್ದದ್ದೇ ಒಳ್ಳೆಯದಾಯಿತು.

ಬಾಗಿಲು ತೆರೆದದ್ದು ಒಂದೇ ದಿನದಲ್ಲಲ್ಲ. ರಾಜ್ಯ ಸರ್ಕಾರ 1976ರಲ್ಲಿ ಕಿಯೋನಿಕ್ಸ್ ಎಂಬ ಎಲೆಕ್ಟ್ರಾನಿಕ್ಸ್ ನಿಗಮವನ್ನು ಸ್ಥಾಪಿಸಿತು. ಅದನ್ನು ಮುನ್ನಡೆಸಿದ ಆರ್.ಕೆ. ಬಾಳಿಗಾ 1978ರಲ್ಲಿ ಬೆಂಗಳೂರಿನ ಹೊರಗೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಎಂಬ ಹಳ್ಳಿಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಜಾಗ ಗುರುತಿಸಿದರು. ಆಗ ನಕ್ಕವರೇ ಹೆಚ್ಚು. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೊಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಇತ್ತ ಶಿವಮೊಗ್ಗದಲ್ಲಿ ಜವಾಹರಲಾಲ್ ನೆಹರು ಹೆಸರಿನ ಎಂಜಿನಿಯರಿಂಗ್ ಕಾಲೇಜು 1980ರಲ್ಲಿ ಶುರುವಾಗಿತ್ತು. ಎಲ್ಲರ ಬಾಯಲ್ಲಿ ಅದು ಜೆಎನ್‌ಎನ್‌ಸಿಇ. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಶಂಕರಘಟ್ಟದಲ್ಲಿ ಬಂತು. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿಲೋಮೀಟರ್. ದಿನಾ ಓಡಾಡಿ ಓದುವುದು ಕಷ್ಟ, ಹಾಸ್ಟೆಲಿಗೆ ಹಾಕುವುದು ದುಬಾರಿ.

ಕಾಲೇಜು ಇದ್ದರೆ ಸಾಕೆ? ಎಂಬತ್ತರ ದಶಕದ ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸೀಟು ಎಂದರೆ ಕ್ಯಾಪಿಟೇಷನ್ ಶುಲ್ಕ. ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 1992ರಲ್ಲಿ, ಆಮೇಲೆ ಉನ್ನಿಕೃಷ್ಣನ್ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಖಾಸಗಿ ಕಾಲೇಜುಗಳ ಸೀಟುಗಳಲ್ಲೂ ಒಂದು ಪಾಲನ್ನು ಕಡಿಮೆ ಶುಲ್ಕಕ್ಕೆ, ಅರ್ಹತೆಯ ಮೇಲೆ ಹಂಚಬೇಕಾಯಿತು. 1994ರಲ್ಲಿ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಬಂತು. ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಎಂಬ ಎರಡು ಸಾಲುಗಳಿವೆ. ಹಳ್ಳಿ ಮನೆಗಳಲ್ಲಿ ಮಾಹಿತಿ ಪುಸ್ತಿಕೆಯ ಈ ಸಾಲುಗಳನ್ನು ಪಂಚಾಂಗಕ್ಕಿಂತ ಹೆಚ್ಚು ಶ್ರದ್ಧೆಯಿಂದ ಓದುತ್ತಾರೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿರಬೇಕು. ಪುರಸಭೆಯ ವ್ಯಾಪ್ತಿಯಲ್ಲಿ ಓದಿದರೆ ಗ್ರಾಮೀಣ ಅಲ್ಲ. ಬಳ್ಳಿಗಾವಿಯ ಶಾಲೆಯ ಮಗುವಿಗೆ ಸಿಗುವುದು ಶಿಕಾರಿಪುರ ಪೇಟೆಯ ಶಾಲೆಯ ಮಗುವಿಗೆ ಇಲ್ಲ. ಮಗುವನ್ನು ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ಅಪ್ಪ ಅಮ್ಮ ಹತ್ತು ವರ್ಷದ ಮೇಲೆ ಎರಡೂ ಮೀಸಲಾತಿ ಕಳೆದುಕೊಂಡದ್ದನ್ನು ಕಂಡು ಕೈ ಹಿಸುಕಿಕೊಂಡದ್ದುಂಟು.

ಸೀಟು ಸಿಕ್ಕಿದವರ ಮುಂದೆ ಸಿ ಭಾಷೆ ಬಂದು ನಿಂತಿತು. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸಿವಿಲ್, ಮೆಕ್ಯಾನಿಕಲ್ ಎನ್ನದೆ ಎಲ್ಲ ವಿಭಾಗದವರಿಗೂ ಮೊದಲ ವರ್ಷ ಸಿ ಪ್ರೋಗ್ರಾಮಿಂಗ್ ಕಡ್ಡಾಯ ಮಾಡಿತ್ತು. ವಿದ್ಯಾರ್ಥಿಗಳು ಅದನ್ನು ಸಿಸಿಪಿ ಎನ್ನುತ್ತಿದ್ದರು. ಬಾಲಗುರುಸ್ವಾಮಿಯವರ ಪುಸ್ತಕ, ಯಶವಂತ ಕಾನೇಟ್ಕರ್ ಅವರ ಲೆಟ್ ಅಸ್ ಸಿ, ಹಿರಿಯರಿಂದ ಕಿರಿಯರಿಗೆ ದಾಟುವ ಝೆರಾಕ್ಸ್ ನೋಟ್ಸು ಇವು ಬಂಡವಾಳ. ಇಲ್ಲೊಂದು ವಿಚಿತ್ರವಿದೆ. ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ 1972ರ ಹೊತ್ತಿಗೆ ರೂಪಿಸಿದ ಈ ಭಾಷೆಯ ಮೊದಲ ಮಾನಕ ರೂಪದಲ್ಲಿ ಕಾದಿರಿಸಿದ ಪದಗಳು ಬರೀ 32. ಇಫ್, ಎಲ್ಸ್, ಫಾರ್, ವೈಲ್, ರಿಟರ್ನ್ ಎಂದು ಒಂದು ಸಂಜೆಯಲ್ಲಿ ಬಾಯಿಪಾಠವಾಗುವಷ್ಟು ಇಂಗ್ಲಿಷ್. ಕನ್ನಡ ಮಾಧ್ಯಮದ ಹುಡುಗ ಎಡವುತ್ತಿದ್ದದ್ದು ಅಲ್ಲಲ್ಲ. ಅರ್ಧವಿರಾಮ ಬಿಟ್ಟುಹೋದರೆ ಕಂಪೈಲರ್ ತಪ್ಪು ತೋರಿಸುತ್ತದೆ, ತಿದ್ದಿದರೆ ಒಪ್ಪುತ್ತದೆ. ಅದು ಉಚ್ಚಾರಣೆ ಕೇಳಿ ನಗುವುದಿಲ್ಲ, ಯಾವ ಊರು ಎಂದು ವಿಚಾರಿಸುವುದಿಲ್ಲ. ಎಡವುತ್ತಿದ್ದದ್ದು ವೈವಾದಲ್ಲಿ, ಸೆಮಿನಾರಿನಲ್ಲಿ, ಕ್ಯಾಂಪಸ್ ಸಂದರ್ಶನದ ಗುಂಪು ಚರ್ಚೆಯಲ್ಲಿ. ಪ್ರೋಗ್ರಾಂ ಬರೆದು ಓಡಿಸಿದವನು ಅದು ಹೇಗೆ ಓಡಿತು ಎಂದು ಇಂಗ್ಲಿಷಿನಲ್ಲಿ ಹೇಳಲಾರದೆ ಕೂತ. ಎಷ್ಟೋ ಮಂದಿಗೆ ಮೊದಲ ಕೆಲಸ ತಡವಾದದ್ದು ಸಿ ಬಾರದ್ದಕ್ಕಲ್ಲ.

ಇದಕ್ಕೆ ಮದ್ದು ಹುಡುಕಿದವರೂ ಇದ್ದರು. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದು, 1996ರಲ್ಲೇ ಅಂತರಜಾಲದಲ್ಲಿ ವಿಶ್ವಕನ್ನಡ ಪತ್ರಿಕೆ ತಂದ ಯು.ಬಿ. ಪವನಜ ಅವರು ಮಕ್ಕಳ ಲೋಗೋ ಭಾಷೆಯನ್ನು ಕನ್ನಡಕ್ಕೆ ತಂದರು. 1967ರಲ್ಲಿ ಸೀಮೋರ್ ಪೇಪರ್ಟ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಮಾಡಿದ ಲೋಗೋದಲ್ಲಿ ಪರದೆಯ ಮೇಲಿನ ಆಮೆಗೆ ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಆಜ್ಞೆ ಕೊಟ್ಟು ಚಿತ್ರ ಬಿಡಿಸಬೇಕು. ಆ ಆಜ್ಞೆಗಳನ್ನು ಕನ್ನಡದಲ್ಲೇ ಕೊಡುವ ಹಾಗೆ ಮಾಡಿದ ತಂತ್ರಾಂಶಕ್ಕೆ ಮಂಥನ್ ಪ್ರಶಸ್ತಿ ಬಂತು. ಚೌಕ ಬಿಡಿಸಲು ಒಂದೇ ಆಜ್ಞೆಯನ್ನು ನಾಲ್ಕು ಸಲ ಬರೆಯುವ ಬದಲು ನಾಲ್ಕು ಸಲ ಮಾಡು ಎಂದು ಒಮ್ಮೆ ಹೇಳಿದರೆ ಸಾಕು ಎಂಬುದು ಹೊಳೆದ ಮಗುವಿಗೆ ಪ್ರೋಗ್ರಾಮಿಂಗಿನ ಅರ್ಧ ಬಂದ ಹಾಗೆ. ಅದು ಎಲ್ಲ ಸರ್ಕಾರಿ ಶಾಲೆಗಳ ಪಾಠವಾಗಬೇಕಿತ್ತು. ಆಗಲಿಲ್ಲ.

ಕನ್ನಡವನ್ನೇ ಕಂಪ್ಯೂಟರಿಗೆ ಹೊಂದಿಸುವ ಕೆಲಸ ಹೆಚ್ಚು ದೂರ ಹೋಯಿತು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಉಚ್ಚಾರಣೆಯನ್ನು ಹಿಂಬಾಲಿಸುವ ಕೀಲಿಮಣೆ ವಿನ್ಯಾಸ ಮಾಡಿ, ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಅಲ್ಪಪ್ರಾಣಕ್ಕೆ ಒಂದು ಕೀಲಿ, ಶಿಫ್ಟ್ ಒತ್ತಿದರೆ ಅದರ ಮಹಾಪ್ರಾಣ. ವರ್ಣಮಾಲೆಯ ವ್ಯಾಕರಣ ಬೆರಳ ತುದಿಗೆ ಬಂತು. 1998ರಲ್ಲಿ ಶೇಷಾದ್ರಿವಾಸು ಬರಹ ಬಿಡುಗಡೆ ಮಾಡಿದರು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ಶಿವಮೊಗ್ಗ ಜಿಲ್ಲೆಯ ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶದ ವಿಚಾರದಲ್ಲಿ ಸರ್ಕಾರದ ಜೊತೆಗೂ ಸ್ನೇಹಿತರ ಜೊತೆಗೂ ಜಗಳ ಕಾದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಕುವೆಂಪು ತಂತ್ರಾಂಶ ಬರುವಂತೆ ಮಾಡಿದರು. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳನ್ನು ಬಿಟ್ಟಿತ್ತಾದರೂ ಕಚೇರಿಗಳು ಅದಕ್ಕೆ ಒಗ್ಗಿಕೊಳ್ಳಲು ಎರಡು ದಶಕ ತೆಗೆದುಕೊಂಡವು.

ತಾಲ್ಲೂಕು ಪೇಟೆಗಳಲ್ಲಿ ಇದರ ಫಲ ಬೋರ್ಡುಗಳ ಮೇಲೆ ಕಂಡಿತು. ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಡಿಟಿಪಿ ಸೆಂಟರುಗಳಾದವು. ಕಿಯೋನಿಕ್ಸ್ ಹೆಸರಿನ ತರಬೇತಿ ಕೇಂದ್ರಗಳು ತಾಲ್ಲೂಕಿಗೂ ಬಂದವು. ಅಲ್ಲಿ ನುಡಿ, ಟ್ಯಾಲಿ, ಎಂಎಸ್ ಆಫೀಸ್, ಕೊನೆಗೆ ಸಿ ಮತ್ತು ಸಿ++. ಅಲ್ಲಿ ಕಲಿತವರೆಲ್ಲ ಬೆಂಗಳೂರಿಗೆ ಹೋಗಲಿಲ್ಲ. ಸೊಸೈಟಿಯಲ್ಲಿ, ಅಡಿಕೆ ಮಂಡಿಯಲ್ಲಿ, ವಕೀಲರ ಕಚೇರಿಯಲ್ಲಿ, ಗ್ರಾಮ ಪಂಚಾಯತಿಯಲ್ಲಿ ಕಂಪ್ಯೂಟರ್ ಆಪರೇಟರಾದವರೇ ಬಹಳ. ಸಾಫ್ಟ್‌ವೇರ್ ಚರಿತ್ರೆ ಬರೆಯುವವರು ಇವರನ್ನು ಎಣಿಸುವುದಿಲ್ಲ. ಎಣಿಸಬೇಕು, ಸೇನಬೋವನ ನೇರ ವಾರಸುದಾರರು ಇವರೇ.

ಬೆಂಗಳೂರಿಗೆ ಹೋದವರಲ್ಲಿ ಹಲವರು ಮೈಸೂರಿನ ಮೇಲೆ ಹಾದು ಹೋದರು. ಇನ್ಫೊಸಿಸ್ 2005ರಲ್ಲಿ ಅಲ್ಲಿ ದೊಡ್ಡ ತರಬೇತಿ ಆವರಣ ತೆರೆಯಿತು. ಕೆಲಸಕ್ಕೆ ಆಯ್ಕೆಯಾದವರನ್ನು ತಿಂಗಳುಗಟ್ಟಲೆ ಅಲ್ಲೇ ಇಟ್ಟು, ವಸತಿ ಕೊಟ್ಟು, ಸಂಬಳವನ್ನೂ ಕೊಟ್ಟು ಭಾಷೆಗಳನ್ನು ಕಲಿಸುವುದು ಅಲ್ಲಿನ ಪದ್ಧತಿ. ಕೋಡಿಯ ಮಠದ ಶಾಸನ ಓದಿದವರಿಗೆ ಇದು ಗುರುತು ಸಿಗುತ್ತದೆ. ಆದರೆ ಮಠದ ದತ್ತಿ ಸೂರ್ಯಚಂದ್ರರು ಇರುವವರೆಗೆ ಎಂದು ಬರೆದದ್ದು. ಇಲ್ಲಿ ಪರೀಕ್ಷೆಯಲ್ಲಿ ನಪಾಸಾದರೆ ಗಂಟುಮೂಟೆ ಕಟ್ಟಬೇಕು. ಮಠ ಕುರುಡರಿಗೂ ಹಾಡುವವರಿಗೂ ಉಣಬಡಿಸುತ್ತಿತ್ತು. ಕಂಪನಿ ತನಗೆ ಬೇಕಾದವರಿಗೆ ಮಾತ್ರ ಬಡಿಸುತ್ತದೆ. ಹಾಗೆಂದು ಮಠವನ್ನು ಹೊಗಳಿ ಕಂಪನಿಯನ್ನು ತೆಗಳುವ ಹಾಗೂ ಇಲ್ಲ. ಅಗ್ರಹಾರದ ವೇದಪಾಠದಲ್ಲಿ ಜಾಗವಿಲ್ಲದ ಜಾತಿಗಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಮೈಸೂರಿನ ತರಗತಿಯಲ್ಲಿ ಕೂತರು.

ಸಾಫ್ಟ್‌ವೇರ್ ಕಲಿತವರಲ್ಲಿ ಕೆಲವರು ಆ ವಿದ್ಯೆಯನ್ನು ಕನ್ನಡಕ್ಕೂ ತಿರುಗಿಸಿದರು. ಬೆಂಗಳೂರಿನ ಓಂಶಿವಪ್ರಕಾಶ್ ಮತ್ತು ಗೆಳೆಯರು, ಲೇಖಕ ವಸುಧೇಂದ್ರ, ವಿಮರ್ಶಕ ಓ.ಎಲ್. ನಾಗಭೂಷಣಸ್ವಾಮಿ ಸೇರಿ ಕಟ್ಟಿದ ವಚನ ಸಂಚಯದಲ್ಲಿ ಇಪ್ಪತ್ತು ಸಾವಿರಕ್ಕೂ ಮೀರಿದ ವಚನಗಳಿವೆ. ರಾಜ್ಯ ಸರ್ಕಾರದ 15 ಸಂಪುಟಗಳ ಸಮಗ್ರ ವಚನ ಸಂಪುಟದ ಪಠ್ಯವನ್ನು ಯೂನಿಕೋಡಿಗೆ ತಂದು, ಯಾವ ಪದ ಯಾರ ವಚನದಲ್ಲಿ ಎಷ್ಟು ಸಲ ಬಂದಿದೆ ಎಂದು ಹುಡುಕುವಂತೆ ಮಾಡಿದ್ದಾರೆ. ಶಿಕಾರಿಪುರ ತಾಲ್ಲೂಕಿಗೆ ಇದು ಮನೆಯ ಲೆಕ್ಕ. ಗುಹೇಶ್ವರ ಎಂದು ಹುಡುಕಿದರೆ ಬಳ್ಳಿಗಾವಿಯ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಉಡುತಡಿಯ ಅಕ್ಕ, ಶಂಭುಜಕ್ಕೇಶ್ವರ ಎಂದರೆ ಹಿರೇಜಂಬೂರಿನ ಸತ್ಯಕ್ಕ.

2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮನೆಗಳಿಗೆ ಲ್ಯಾಪ್‌ಟಾಪುಗಳು ಮರಳಿದವು. ಮನೆಯಿಂದಲೇ ಕೆಲಸ ಎಂದು ಕಂಪನಿಗಳು ಹೇಳಿದವು, ಸಿಗ್ನಲ್ ಇರಲಿಲ್ಲ. ಗುಡ್ಡ ಹತ್ತಿ, ಮರದ ಬುಡ ಹುಡುಕಿ ಮೀಟಿಂಗಿಗೆ ಹಾಜರಾದವರ ಕಥೆಗಳು ಶಿವಮೊಗ್ಗ ಜಿಲ್ಲೆಯಲ್ಲಿ ಹೇರಳ. ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ ಎಂಬ ಅಭಿಯಾನವೇ ಹಬ್ಬಿತು. 2021ರಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಾಗ ಕರ್ನಾಟಕದಲ್ಲಿ ಮುಂದೆ ಬಂದವುಗಳಲ್ಲಿ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ ಒಂದು. ಮಕ್ಕಳು ಅತ್ತ ಒಲಿಯಲಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಕನ್ನಡದಲ್ಲಿ ಓದಿದವರನ್ನು ಕನ್ನಡದಲ್ಲೇ ಸಂದರ್ಶನ ಮಾಡುತ್ತೇವೆ ಎಂದು ಯಾವ ಕಂಪನಿಯೂ ಮುಂದೆ ಬಂದಿರಲಿಲ್ಲ.

ಆಮೇಲೆ ಕಚೇರಿಗಳು ತೆರೆದವು, ವಾರಕ್ಕೆ ಇಷ್ಟು ದಿನ ಬರಬೇಕು ಎಂದವು. 2025ರ ಆಗಸ್ಟಿನಲ್ಲಿ ಬೆಂಗಳೂರು ಮೆಟ್ರೊದ ಹಳದಿ ಮಾರ್ಗ ಶುರುವಾಗಿ ಕೋನಪ್ಪನ ಅಗ್ರಹಾರಕ್ಕೂ ಒಂದು ನಿಲ್ದಾಣ ಬಂತು. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ರೈಲು ದಾರಿಯ ಕೆಲಸ ಕೈಗೆತ್ತಿಕೊಂಡು ವರ್ಷಗಳಾಗಿವೆ. ಸೊರಬದವರು ರೈಲು ಬೇಕೆಂದರೆ ಸಾಗರಕ್ಕೆ ಬರಬೇಕು, ಇಲ್ಲವೇ ಭಾನುವಾರ ರಾತ್ರಿಯ ಬಸ್ಸಿಗೆ ಮುಂಚೆಯೇ ಸೀಟು ಕಾದಿರಿಸಬೇಕು.